ಲಾಜರನ ಎರಡು ಸಮಾಧಿಗಳು

(ಈಸ್ಟರ್ ಹಬ್ಬಕ್ಕೆ ಮುಂಚಿನ ವಾರ ಧಾರವಾಡದಲ್ಲಿ, ಕ್ರೈಸ್ತ ನಂಬಿಕೆಯಲ್ಲಿ ಮರಣದ ಮೇಲೆ ದೇವರಿಗಿರುವ ಅಧಿಕಾರ ಎಂಬ ವಿಷಯವಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಕೆಲವನ್ನಷ್ಟೇ ಉಳಿಸಿಕೊಂಡಿದ್ದೇನೆ.)

ಹಿರಿಯರೇ, ಗೆಳೆಯರೇ,

ಲಾಜರ ಎಂಬ ಮನುಷ್ಯನಿಗೆ ಈ ಭೂಮಿಯ ಮೇಲೆ ಎರಡು ಸಮಾಧಿಗಳಿವೆ. ಒಂದು ಯೆರೂಸಲೇಮಿನಿಂದ ಮೂರು ಕಿಲೋಮೀಟರ್ ದೂರದಲ್ಲಿದೆ. ಬೈಬಲ್ ಆ ಊರನ್ನು ಬೇಥಾನ್ಯ ಎಂದು ಕರೆಯುತ್ತದೆ. ಇಂದು ಅಲ್ಲಿ ವಾಸಿಸುವ ಅರಬ್ಬರು ಅದಕ್ಕೆ ಲಾಜರನ ಹೆಸರನ್ನೇ ಇಟ್ಟು ಅಲ್ ಐಝರಿಯಾ ಎನ್ನುತ್ತಾರೆ. ಬಂಡೆಯಲ್ಲಿ ಕೊರೆದ ಇಕ್ಕಟ್ಟಾದ ಮೆಟ್ಟಿಲುಗಳನ್ನು ಇಳಿದು ಆ ಗವಿಯೊಳಗೆ ಹೋಗಬೇಕು. ಇನ್ನೊಂದು ಸಮಾಧಿ ಸೈಪ್ರಸ್ ದ್ವೀಪದ ಲಾರ್ನಕಾ ಪಟ್ಟಣದಲ್ಲಿ, ಒಂಬತ್ತನೆಯ ಶತಮಾನದ ಕೊನೆಗೆ ಕಟ್ಟಿದ ಒಂದು ಚರ್ಚಿನ ಅಡಿಯಲ್ಲಿದೆ. ಲಾಜರ ಅಲ್ಲಿಗೆ ಹೋಗಿ ಬಿಷಪ್ ಆದ, ಇನ್ನೂ ಮೂವತ್ತು ವರ್ಷ ಬದುಕಿದ, ಆಮೇಲೆ ಅಲ್ಲಿಯೇ ತೀರಿಕೊಂಡ ಎಂಬುದು ಪೂರ್ವದೇಶಗಳ ಕ್ರೈಸ್ತರ ಐತಿಹ್ಯ. ಐತಿಹ್ಯದಲ್ಲಿ ಚರಿತ್ರೆ ಎಷ್ಟಿದೆ ಎಂಬ ಜಗಳ ಇಂದು ಬೇಡ. ಮೊದಲನೆಯ ಸಮಾಧಿಯಿಂದ ಯೇಸುವಿನ ಕರೆಗೆ ಅವನು ಎದ್ದು ಬಂದ, ಎರಡನೆಯದರಿಂದ ಏಳಲಿಲ್ಲ ಎಂದು ಭಕ್ತರೇ ನಂಬಿಕೊಂಡು ಬಂದಿದ್ದಾರೆ ಎನ್ನುವುದು ನನಗೆ ಮುಖ್ಯ.

ಯಾಕೆ ಮುಖ್ಯವೆಂದರೆ, ನಮ್ಮ ಹುಬ್ಬಳ್ಳಿ-ಧಾರವಾಡದ ಗೋಡೆಗಳ ಮೇಲೆ ಆಗಾಗ ಕಾಣಿಸುವ ಭಿತ್ತಿಪತ್ರಗಳನ್ನು ನೋಡಿದರೆ ಕ್ರೈಸ್ತ ನಂಬಿಕೆ ಎಂದರೆ ಸಾವನ್ನು ಮುಂದೂಡುವ ವಿದ್ಯೆ ಎಂದು ಯಾರಿಗಾದರೂ ಅನ್ನಿಸೀತು. ಅದ್ಭುತ, ಸ್ವಸ್ಥತೆ, ಬಿಡುಗಡೆ ಎಂಬ ದಪ್ಪ ಅಕ್ಷರಗಳು, ಕೆಳಗೆ ಒಂದು ಮೊಬೈಲ್ ಸಂಖ್ಯೆ. ನಾನು ಹುಟ್ಟಿನಿಂದ ಕ್ರೈಸ್ತ. ಪ್ರಾರ್ಥನೆಯಿಂದ ರೋಗ ಗುಣವಾಗುವುದಿಲ್ಲ ಎಂದು ಹೇಳಲು ನಾನು ಇಲ್ಲಿ ನಿಂತಿಲ್ಲ. ಆದರೆ ಮಗನನ್ನು ಕಳೆದುಕೊಂಡ ತಾಯಿಯೊಬ್ಬರಿಗೆ, ಮಣ್ಣು ಕೊಟ್ಟ ಮರುದಿನವೇ, ನಿಮ್ಮ ವಿಶ್ವಾಸ ಕಡಿಮೆಯಾಯಿತು, ಅದಕ್ಕೇ ಹುಡುಗ ಉಳಿಯಲಿಲ್ಲ ಎಂದು ಬೋಧಕರೊಬ್ಬರು ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಆ ಮಾತಿಗೆ ಬೈಬಲಿನಲ್ಲಿ ಆಧಾರವಿಲ್ಲ. ಆಧಾರವಿಲ್ಲ ಎಂಬುದಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಅದು ಬೈಬಲ್ ಹೇಳುವುದಕ್ಕೆ ತದ್ವಿರುದ್ಧವಾದ ಮಾತು.

ಮೊದಲು ಎಣಿಕೆಯನ್ನು ಬೇಗ ಮುಗಿಸಿಬಿಡುತ್ತೇನೆ. ಸತ್ತವರು ಎದ್ದ ಪ್ರಸಂಗಗಳು ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ತುಂಬ ಇಲ್ಲ. ಹಳೆಯ ಒಡಂಬಡಿಕೆಯಲ್ಲಿ ಪ್ರವಾದಿಗಳಾದ ಎಲೀಯನು ಸರೆಪ್ತದ ವಿಧವೆಯ ಮಗನನ್ನು, ಎಲೀಷನು ಶೂನೇಮಿನ ಗೃಹಿಣಿಯ ಮಗನನ್ನು ಎಬ್ಬಿಸುತ್ತಾರೆ. ಎಲೀಷ ತೀರಿಕೊಂಡ ಮೇಲೆ ಅವನ ಎಲುಬು ತಾಗಿ ಒಂದು ಹೆಣ ಎದ್ದು ನಿಂತಿತು ಎಂಬ ವಿಚಿತ್ರ ಪ್ರಸಂಗವೂ ಇದೆ. ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳಲ್ಲಿ ಯೇಸು ಮೂವರನ್ನು ಎಬ್ಬಿಸುತ್ತಾನೆ: ಯಾಯೀರನ ಹನ್ನೆರಡು ವರ್ಷದ ಮಗಳು, ನಾಯಿನ್ ಊರಿನ ವಿಧವೆಯ ಒಬ್ಬನೇ ಮಗ, ಮತ್ತು ಲಾಜರ. ಆಮೇಲೆ ಯೇಸುವಿನ ಶಿಷ್ಯ ಪೇತ್ರನು ಯೊಪ್ಪದಲ್ಲಿ ಬಡ ವಿಧವೆಯರಿಗೆ ಬಟ್ಟೆ ಹೊಲಿದುಕೊಡುತ್ತಿದ್ದ ತಬಿಥಾಳನ್ನು ಎಬ್ಬಿಸುತ್ತಾನೆ. ಯೇಸುವಿನ ಸಂದೇಶವನ್ನು ಊರೂರಿಗೆ ಸಾರಿದ ಪೌಲನದು ಕೊನೆಯದು. ಉಪನ್ಯಾಸಕರೆಲ್ಲರೂ ನೆನಪಿಟ್ಟುಕೊಳ್ಳಬೇಕಾದ ಪ್ರಸಂಗ ಅದು. ತ್ರೋವದಲ್ಲಿ ಪೌಲನು ನಡುರಾತ್ರಿಯವರೆಗೆ ಮಾತನಾಡುತ್ತಲೇ ಇದ್ದ. ಮೂರನೆಯ ಅಂತಸ್ತಿನ ಕಿಟಕಿಯಲ್ಲಿ ಕುಳಿತಿದ್ದ ಯೂತಿಖನೆಂಬ ಹುಡುಗ ತೂಕಡಿಸಿ ಕೆಳಕ್ಕೆ ಬಿದ್ದು ಸತ್ತ. ಪೌಲ ಇಳಿದು ಹೋಗಿ ಅವನನ್ನು ತಬ್ಬಿಕೊಂಡ, ಪ್ರಾಣ ಮರಳಿತು. ಆಮೇಲೆ ಪೌಲ ಮೇಲೆ ಹತ್ತಿ, ರೊಟ್ಟಿ ಮುರಿದು ತಿಂದು, ಬೆಳಗಾಗುವವರೆಗೆ ಮತ್ತೆ ಮಾತನಾಡಿದ! ಸಭಿಕನೊಬ್ಬ ಸತ್ತು ಬದುಕಿದರೂ ಉಪನ್ಯಾಸ ನಿಲ್ಲಲಿಲ್ಲ. ಈ ಸಭಾಂಗಣ ನೆಲಮಟ್ಟದಲ್ಲಿದೆ ಎಂಬ ಧೈರ್ಯದಿಂದ ನಾನೂ ಮುಂದುವರಿಯುತ್ತೇನೆ.

ಇವರೆಲ್ಲರೂ ಮತ್ತೆ ಸತ್ತರು. ಯಾಯೀರನ ಮಗಳು ಮುದುಕಿಯಾಗಿ ಸತ್ತಿರಬೇಕು. ನಾಯಿನ್ ಹುಡುಗ ತಾಯಿಯನ್ನು ಮಣ್ಣು ಮಾಡಿ, ಆಮೇಲೆ ತಾನೂ ಹೋಗಿರಬೇಕು. ಮರಣದ ಮೇಲೆ ದೇವರಿಗಿರುವ ಅಧಿಕಾರವೆಂದರೆ ಇಷ್ಟೇ, ಕೆಲವರಿಗೆ ಕೆಲವು ವರ್ಷದ ರಿಯಾಯಿತಿ ಎನ್ನುವುದಾದರೆ, ಅದು ಅಧಿಕಾರವೂ ಅಲ್ಲ, ನ್ಯಾಯವೂ ಅಲ್ಲ. ಆ ಕಾಲದಲ್ಲಿ ಗಲಿಲಾಯದಲ್ಲಿ ಬೇರೆ ಮಕ್ಕಳು ಸಾಯಲಿಲ್ಲವೇ? ಅವರ ತಾಯಂದಿರು ಅಳಲಿಲ್ಲವೇ? ಸುವಾರ್ತೆ ಬರೆದವರಿಗೆ ಈ ಪ್ರಶ್ನೆ ಹೊಳೆದಿರಲಿಲ್ಲ ಎಂದುಕೊಳ್ಳಬೇಡಿ. ಹೊಳೆದಿತ್ತು. ಅದಕ್ಕೇ ಯೋಹಾನನು ತನ್ನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯವನ್ನು ಅಷ್ಟು ಎಚ್ಚರಿಕೆಯಿಂದ ಕಟ್ಟಿದ್ದಾನೆ. ಇಂದು ನಾವು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಅಲ್ಲಿ.

ಪ್ರಸಂಗ ಶುರುವಾಗುವುದೇ ತಡದಿಂದ. ಲಾಜರನಿಗೆ ಕಾಯಿಲೆಯಾಗಿದೆ ಎಂದು ಅಕ್ಕಂದಿರಾದ ಮಾರ್ಥ ಮತ್ತು ಮರಿಯ ಹೇಳಿ ಕಳಿಸುತ್ತಾರೆ. ಸುದ್ದಿ ಮುಟ್ಟಿದ ಮೇಲೂ ಯೇಸು ಇದ್ದಲ್ಲಿಯೇ ಎರಡು ದಿನ ಉಳಿಯುತ್ತಾನೆ. ಬೇಥಾನ್ಯಕ್ಕೆ ಬರುವ ಹೊತ್ತಿಗೆ ಲಾಜರನನ್ನು ಸಮಾಧಿ ಮಾಡಿ ನಾಲ್ಕು ದಿನವಾಗಿದೆ. ಮಾರ್ಥ ಊರ ಹೊರಗೇ ಎದುರಾಗಿ ಹೇಳುತ್ತಾಳೆ: “ಸ್ವಾಮೀ, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ.” ಸ್ವಲ್ಪ ಹೊತ್ತಿಗೆ ಮರಿಯಳೂ ಬಂದು ಕಾಲಿಗೆ ಬಿದ್ದು ಅದೇ ಮಾತನ್ನು ಹೇಳುತ್ತಾಳೆ. ಈ ವಾಕ್ಯ ನಮಗೆ ಹೊಸದಲ್ಲ. ಗದಗ, ಹಾವೇರಿ ಕಡೆಯ ಯಾವ ಸಾವಿನ ಮನೆಗೆ ಹೋದರೂ ಇದು ಕೇಳಿಸುತ್ತದೆ: ಒಂದು ದಿನ ಮುಂಚೆ ಹುಬ್ಬಳ್ಳಿಗೆ ಒಯ್ದಿದ್ದರೆ ಉಳಿಯುತ್ತಿದ್ದ. ತಡವಾದದ್ದು ವಾಹನದಿಂದಲೋ, ದುಡ್ಡಿನಿಂದಲೋ, ದೇವರಿಂದಲೋ, ಸತ್ತವನ ಮನೆಯವರಿಗೆ ಲೆಕ್ಕವೆಲ್ಲ ಒಂದೇ.

ಇಬ್ಬರೂ ಒಂದೇ ಮಾತು ಹೇಳಿದರು. ಆದರೆ ಯೇಸು ಇಬ್ಬರಿಗೂ ಒಂದೇ ಉತ್ತರ ಕೊಡಲಿಲ್ಲ. ಮಾರ್ಥ ವಾದಕ್ಕೆ ಸಿದ್ಧಳಾಗಿ ಬಂದವಳು. ಕಡೇ ದಿನದಲ್ಲಿ ಸತ್ತವರೆಲ್ಲ ಏಳುತ್ತಾರೆ ಎಂದು ನನಗೆ ಗೊತ್ತಿದೆ ಎನ್ನುತ್ತಾಳೆ. ಅಂದಿನ ಯೆಹೂದ್ಯರಲ್ಲಿ ಫರಿಸಾಯರು ಇದನ್ನು ನಂಬುತ್ತಿದ್ದರು, ದೇವಾಲಯದ ಆಡಳಿತ ಹಿಡಿದಿದ್ದ ಸದ್ದುಕಾಯರು ಒಪ್ಪುತ್ತಿರಲಿಲ್ಲ. ಮಾರ್ಥಳಿಗೆ ಯೇಸು ಸಿದ್ಧಾಂತದಲ್ಲೇ ಉತ್ತರಿಸುತ್ತಾನೆ: “ನಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ.” ಕಡೇ ದಿನಕ್ಕೆಂದು ಎತ್ತಿಟ್ಟ ಭರವಸೆ ಇದೀಗ ನಿನ್ನ ಮುಂದೆ ನಿಂತಿದೆ ಎಂದ ಹಾಗೆ. ಮರಿಯಳಿಗೆ ಇಂಥ ಯಾವ ಮಾತನ್ನೂ ಹೇಳುವುದಿಲ್ಲ. ಅವಳು ಅಳುವುದನ್ನು ನೋಡಿ, ಅವನನ್ನು ಎಲ್ಲಿ ಇಟ್ಟಿದ್ದೀರಿ ಎಂದು ಕೇಳುತ್ತಾನೆ. ಆಮೇಲೆ ತಾನೂ ಅಳುತ್ತಾನೆ.

ಇದರಲ್ಲಿ ಒಂದು ತೊಡಕಿದೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಲಾಜರನನ್ನು ಎಬ್ಬಿಸುತ್ತೇನೆ ಎಂದು ಯೇಸುವಿಗೆ ಗೊತ್ತಿತ್ತು. ಶಿಷ್ಯರಿಗೆ ಆಗಲೇ ಹೇಳಿಯೂ ಇದ್ದ. ಹಾಗಾದರೆ ಅಳು ಯಾಕೆ? ನಟನೆಯೇ? ವ್ಯಾಖ್ಯಾನಕಾರರು ಇದಕ್ಕೆ ಬಗೆಬಗೆಯ ಉತ್ತರ ಕೊಟ್ಟಿದ್ದಾರೆ. ನನ್ನ ಉತ್ತರ ಇದು: ಸಾವನ್ನು ಗೆಲ್ಲಬಲ್ಲವನಿಗೂ ಸಾವು ಸಣ್ಣ ಸಂಗತಿಯಲ್ಲ ಎನ್ನುವುದನ್ನು ಯೋಹಾನ ಇಲ್ಲಿ ದಾಖಲಿಸುತ್ತಿದ್ದಾನೆ. ಹೇಗೂ ಎದ್ದು ಬರುತ್ತಾನಲ್ಲ, ಕಣ್ಣೀರು ಒರೆಸಿಕೋ ಎಂದು ಆತ ಮರಿಯಳಿಗೆ ಹೇಳಲಿಲ್ಲ. ಸಾವಿನ ಮನೆಯಲ್ಲಿ ವಿಶ್ವಾಸಿಗಳು ಅಳಬಾರದು, ಪೌಲನೇ ಹಾಗೆ ಹೇಳಿದ್ದಾನೆ ಎಂದು ನಮ್ಮ ಕೆಲವು ಹಿರಿಯರು ಮೈಮೇಲೆ ಬರುತ್ತಾರೆ. ಪೌಲ ಥೆಸಲೋನಿಕದವರಿಗೆ ಬರೆದದ್ದು, ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಎಂದು. ಆ ಪತ್ರ ಹುಟ್ಟಿದ ಸಂದರ್ಭವನ್ನೂ ನೋಡಬೇಕು. ಸುಮಾರು 50ನೆಯ ಇಸವಿ. ಕ್ರಿಸ್ತನು ತಮ್ಮ ಕಾಲದಲ್ಲೇ ಮರಳಿ ಬರುತ್ತಾನೆ ಎಂದು ಕಾದಿದ್ದ ಸಭೆ, ಅಂದರೆ ಕ್ರೈಸ್ತ ಸಮುದಾಯ, ಅದು. ಅಷ್ಟರಲ್ಲಿ ಅವರಲ್ಲಿ ಕೆಲವರು ತೀರಿಕೊಂಡರು. ಸತ್ತವರ ಗತಿ ಏನು ಎಂಬ ಗಾಬರಿಗೆ ಪೌಲ ಬರೆದ ಉತ್ತರವನ್ನು ಹಿಡಿದುಕೊಂಡು ಇಂದು ವಿಧವೆಯೊಬ್ಬಳ ಬಾಯಿ ಮುಚ್ಚಿಸುವುದು ಅನ್ಯಾಯ.

ಮತ್ತೆ ಬೇಥಾನ್ಯಕ್ಕೆ ಬರೋಣ. ಕಲ್ಲನ್ನು ತೆಗೆಯಿರಿ ಎಂದಾಗ ಮಾರ್ಥಳೇ ಅಡ್ಡ ಬರುತ್ತಾಳೆ. ನಾಲ್ಕು ದಿನವಾಯಿತು, ನಾತ ಬಂದಿದೆ ಎನ್ನುತ್ತಾಳೆ. ಈಗ ತಾನೇ ದೊಡ್ಡ ವಿಶ್ವಾಸದ ಮಾತು ಆಡಿದವಳು ಇವಳೇ! ಯೋಹಾನ ಅವಳನ್ನು ಗೇಲಿ ಮಾಡುವುದಿಲ್ಲ. ಮನೆ ನಡೆಸುವವಳಿಗೆ ಹೆಣದ ವಾಸ್ತವ ಗೊತ್ತು, ಅಷ್ಟೇ. “ಲಾಜರನೇ, ಹೊರಗೆ ಬಾ” ಎಂಬ ಕೂಗಿಗೆ ಸತ್ತವನು ಕೈಕಾಲು ಸುತ್ತಿದ ಬಟ್ಟೆಯ ಸಮೇತ ಹೊರಬರುತ್ತಾನೆ. ಅವನನ್ನು ಬಿಚ್ಚಿರಿ, ಹೋಗಲಿ ಎಂದು ಯೇಸು ಅಲ್ಲಿದ್ದವರಿಗೆ ಹೇಳುತ್ತಾನೆ. ಕಲ್ಲು ಸರಿಸಿದವರೂ ಊರವರು, ಬಟ್ಟೆ ಬಿಚ್ಚಿದವರೂ ಊರವರು. ಯಾಯೀರನ ಮನೆಯಲ್ಲೂ ಹೀಗೆಯೇ. ಹುಡುಗಿ ಎದ್ದು ನಡೆದಾಡಿದ ಕೂಡಲೇ ಯೇಸು ಹೇಳಿದ ಮಾತು, ಅವಳಿಗೆ ತಿನ್ನಲು ಏನಾದರೂ ಕೊಡಿ. ಅದ್ಭುತದ ಗದ್ದಲದಲ್ಲಿ ಅಪ್ಪ ಅಮ್ಮನಿಗೆ ಅದು ಮರೆತೇ ಹೋಗಿತ್ತೋ ಏನೋ.

ನಾಲ್ಕು ದಿನ ಆ ಕಡೆ ಏನು ಕಂಡೆ ಎಂದು ಲಾಜರನನ್ನು ಯಾರೂ ಕೇಳಿದಂತೆ ಬರೆದಿಲ್ಲ. ಇಡೀ ಸುವಾರ್ತೆಯಲ್ಲಿ ಅವನ ಬಾಯಿಂದ ಒಂದೇ ಒಂದು ಮಾತು ಬರುವುದಿಲ್ಲ. ಮುಂದಿನ ಅಧ್ಯಾಯದಲ್ಲಿ ಅವನು ಊಟಕ್ಕೆ ಕುಳಿತಿದ್ದಾನೆ, ಜನ ಅವನನ್ನು ನೋಡಲು ಬರುತ್ತಾರೆ, ಅಷ್ಟೇ. ಸಾವಿನ ಆಚೆಯ ಪ್ರವಾಸಕಥನ ಬರೆದು ಮಾರುವವರಿಗೆ ಈ ಲಾಜರ ಒಳ್ಳೆಯ ಗುರುವಾಗಲಾರ.

ನಮ್ಮ ಭಾನುವಾರದ ಬೋಧನೆಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಲಾಜರ ಎದ್ದ, ಸ್ತೋತ್ರ, ಮುಂದಿನ ಕೀರ್ತನೆ. ಆದರೆ ಯೋಹಾನ ನಿಲ್ಲಿಸುವುದಿಲ್ಲ. ಕೆಲವರು ಹೋಗಿ ಈ ಸುದ್ದಿಯನ್ನು ಅಧಿಕಾರಸ್ಥರಿಗೆ ಮುಟ್ಟಿಸುತ್ತಾರೆ. ತುರ್ತು ಸಭೆ ಸೇರುತ್ತದೆ. ಇವನನ್ನು ಹೀಗೆಯೇ ಬಿಟ್ಟರೆ ಎಲ್ಲರೂ ಇವನನ್ನು ನಂಬುತ್ತಾರೆ, ಆಗ ರೋಮನರು ಬಂದು ನಮ್ಮ ಸ್ಥಾನವನ್ನೂ ಜನವನ್ನೂ ಕಿತ್ತುಕೊಳ್ಳುತ್ತಾರೆ ಎಂಬುದು ಚರ್ಚೆಯ ವಿಷಯ. ಆ ವರ್ಷ ಮಹಾಯಾಜಕನಾಗಿದ್ದ ಕಾಯಫ ಎದ್ದು ಹೇಳುತ್ತಾನೆ, ಇಡೀ ಜನಾಂಗ ನಾಶವಾಗುವುದಕ್ಕಿಂತ ಒಬ್ಬ ಸಾಯುವುದು ಲೇಸು. ಅಂದಿನಿಂದ ಯೇಸುವನ್ನು ಕೊಲ್ಲುವ ಆಲೋಚನೆ ಶುರುವಾಯಿತು ಎಂದು ಯೋಹಾನ ಬರೆಯುತ್ತಾನೆ. ಅಷ್ಟೇ ಅಲ್ಲ, ಲಾಜರನನ್ನೂ ಮುಗಿಸಬೇಕು ಎಂದು ಮುಖ್ಯಯಾಜಕರು ಗೊತ್ತು ಮಾಡಿಕೊಂಡರಂತೆ. ಸತ್ತು ಎದ್ದವನನ್ನು ಮತ್ತೆ ಕೊಲ್ಲಲು ಠರಾವು! ರಾಜಕಾರಣ ಎಲ್ಲ ಕಾಲದಲ್ಲೂ ರಾಜಕಾರಣವೇ.

ಅಂದರೆ ಯೋಹಾನನ ಕಥನದಲ್ಲಿ ಲಾಜರನ ಜೀವಕ್ಕೆ ಯೇಸು ತನ್ನ ಜೀವವನ್ನೇ ತೆತ್ತ. ಬೇಥಾನ್ಯಕ್ಕೆ ಹೊರಟಾಗಲೇ ಶಿಷ್ಯರು ಎಚ್ಚರಿಸಿದ್ದರು, ಆ ಸೀಮೆಯವರು ನಿನ್ನ ಮೇಲೆ ಕಲ್ಲೆಸೆಯಬೇಕೆಂದಿದ್ದರು, ಮತ್ತೆ ಅಲ್ಲಿಗೇ ಹೋಗುತ್ತೀಯಾ ಎಂದು. ಗೊತ್ತಿದ್ದೇ ಹೋದ. ಮರಣದ ಮೇಲೆ ಅಧಿಕಾರ ಎಂದಾಗ ನಮ್ಮ ಕಣ್ಣಿಗೆ ಕಟ್ಟುವುದು ಸಿಂಹಾಸನದ ಮೇಲೆ ಕುಳಿತು ಆಜ್ಞೆ ಕೊಡುವ ಅರಸ. ಸುವಾರ್ತೆಗಳು ತೋರಿಸುವ ಅಧಿಕಾರವೇ ಬೇರೆ. ಅದನ್ನು ಬಳಸಿದವನು ಪ್ರತಿ ಸಲವೂ ತಾನು ಏನಾದರೂ ಕಳೆದುಕೊಳ್ಳುತ್ತಾನೆ. ನಾಯಿನ್ ಊರಿನಲ್ಲಿ ಚಟ್ಟ ಮುಟ್ಟಿದ. ಹೆಣದ ಸಂಪರ್ಕದಿಂದ ಮೈಲಿಗೆ ಎಂಬುದು ಮೋಶೆಯ ಧರ್ಮಶಾಸ್ತ್ರ. ಬೇಥಾನ್ಯದಲ್ಲಿ ತನ್ನ ತಲೆಯನ್ನೇ ಒಡ್ಡಿದ. ಕೊನೆಗೆ ಶಿಲುಬೆಯ ಕೆಳಗೆ ನಿಂತವರು ಅಣಕಿಸಿದ್ದೂ ಇದೇ ಅಧಿಕಾರದ ಹೆಸರಿನಲ್ಲಿ: ಬೇರೆಯವರನ್ನು ರಕ್ಷಿಸಿದ, ತನ್ನನ್ನು ರಕ್ಷಿಸಿಕೊಳ್ಳಲಾರ. ಮಾರ್ಕನು ಅಣಕದ ಮಾತಾಗಿ ಬರೆದಿಟ್ಟ ಈ ವಾಕ್ಯ ಇಡೀ ಕ್ರೈಸ್ತ ದೇವತಾಶಾಸ್ತ್ರದ ಸಾರ ಎಂದರೂ ತಪ್ಪಾಗದು.

ಈಗ ಈಸ್ಟರ್ ವಿಚಾರ. ಲಾಜರ ಎದ್ದದ್ದಕ್ಕೂ ಯೇಸು ಎದ್ದದ್ದಕ್ಕೂ ಏನು ವ್ಯತ್ಯಾಸ ಎಂದು ಭಾನುವಾರ ಶಾಲೆಯ ಮಕ್ಕಳು ಕೇಳುತ್ತಾರೆ. ಬಟ್ಟೆಗಳನ್ನು ನೋಡಿ ಎಂದು ನಾನು ಹೇಳುತ್ತೇನೆ. ಲಾಜರ ಹೆಣದ ಬಟ್ಟೆಯ ಸಮೇತ ಬಂದ. ಅವನಿಗೆ ಅದು ಮತ್ತೊಮ್ಮೆ ಬೇಕಾಗುವುದಿತ್ತು. ಯೇಸುವಿನ ಸಮಾಧಿಯಲ್ಲಿ ನಾರುಬಟ್ಟೆಗಳು ಅಲ್ಲಿಯೇ ಬಿದ್ದಿದ್ದವು, ತಲೆಗೆ ಸುತ್ತಿದ್ದ ವಸ್ತ್ರ ಬೇರೆಯಾಗಿ ಸುತ್ತಿಟ್ಟಿತ್ತು. ಲಾಜರ ಹಿಂದಕ್ಕೆ ಬಂದವನು, ಹಳೆಯ ಬದುಕಿಗೆ ಮರಳಿದವನು. ಯೇಸು ಮರಣವನ್ನು ಹಾದು ಆಚೆಗೆ ಹೋದವನು. ಹಾಗೆಂದು ಭೂತವಲ್ಲ. ಲೂಕನಲ್ಲಿ ಸುಟ್ಟ ಮೀನು ತಿನ್ನುತ್ತಾನೆ. ಯೋಹಾನನಲ್ಲಿ ತೋಮನಿಗೆ ಗಾಯಗಳನ್ನು ತೋರಿಸುತ್ತಾನೆ. ಮಹಿಮೆಯ ದೇಹದಲ್ಲೂ ಮೊಳೆಯ ಗಾಯಗಳು ಮಾಸಲಿಲ್ಲ. ಇದನ್ನು ಕಲ್ಪಿಸಿ ಬರೆಯಬೇಕಾಗಿದ್ದರೆ ನಾನು ಗಾಯಗಳನ್ನು ಮಾಯಿಸಿಬಿಡುತ್ತಿದ್ದೆ.

ಹಾಗಿದ್ದರೂ ಆತನ ಗುರುತು ಕೂಡಲೇ ಸಿಗುವುದಿಲ್ಲ. ಮಗ್ದಲದ ಮರಿಯಳು ತೋಟಗಾರನೆಂದು ತಿಳಿಯುತ್ತಾಳೆ. ಎಮ್ಮಾಹುವಿನ ದಾರಿಯಲ್ಲಿ ಇಬ್ಬರು ಶಿಷ್ಯರು ಮೈಲಿಗಟ್ಟಲೆ ಜೊತೆಗೆ ನಡೆದರೂ ತಿಳಿಯುವುದಿಲ್ಲ. ಇನ್ನು ಮಾರ್ಕನ ಸುವಾರ್ತೆಯ ಅತ್ಯಂತ ಹಳೆಯ ಪ್ರತಿಗಳಲ್ಲಿ, ನಾಲ್ಕನೆಯ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ, ಕಥೆ ಮುಗಿಯುವುದೇ ಹೆದರಿಕೆಯಲ್ಲಿ. ಹೆಂಗಸರು ಖಾಲಿ ಸಮಾಧಿಯಿಂದ ನಡುಗುತ್ತ ಓಡಿಹೋದರು, ಯಾರಿಗೂ ಏನೂ ಹೇಳಲಿಲ್ಲ, ಯಾಕೆಂದರೆ ಹೆದರಿದ್ದರು. ಮುಂದಿನ ಹನ್ನೆರಡು ವಚನಗಳು ಆ ಪ್ರತಿಗಳಲ್ಲಿ ಇಲ್ಲ. ನಮ್ಮ ಈಸ್ಟರ್ ಮೆರವಣಿಗೆಗಳಲ್ಲಿ ಈ ಹೆದರಿಕೆಗೆ ಜಾಗವಿಲ್ಲ. ಇರಬೇಕಿತ್ತು ಎಂದು ನನ್ನ ಅಭಿಪ್ರಾಯ.

ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರ ಸುವಾರ್ತೆಗಳಿಗಿಂತಲೂ ಹಳೆಯದು, ಸುಮಾರು 53ರಿಂದ 55ರ ನಡುವಿನದು. ಅದರ ಹದಿನೈದನೆಯ ಅಧ್ಯಾಯದಲ್ಲಿ ಅವನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ, ಕ್ರಿಸ್ತನು ಏಳದೆ ಹೋಗಿದ್ದರೆ ನಿಮ್ಮ ನಂಬಿಕೆ ವ್ಯರ್ಥ. ಸತ್ತವರು ಎಂಥ ದೇಹದಿಂದ ಏಳುತ್ತಾರೆ ಎಂದು ಕೇಳುವವನನ್ನು ಮೊದಲು ಗದರಿಸಿ, ಆಮೇಲೆ ಬೀಜದ ಮಾತು ತೆಗೆಯುತ್ತಾನೆ. ಬಿತ್ತುವುದು ಮುಂದೆ ಆಗಬೇಕಾದ ಪೈರನ್ನಲ್ಲ, ಬರೀ ಕಾಳನ್ನು. ಅವನ ಮನಸ್ಸಿನಲ್ಲಿದ್ದದ್ದು ಗೋದಿ. ನಮ್ಮ ಎರೆಹೊಲದಲ್ಲಿ ಹಿಂಗಾರಿಗೆ ಬಿಳಿಜೋಳ ಬಿತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೂರಿಗೆಯಿಂದ ಇಳಿದ ಕಾಳಿಗೂ ಎದೆಯೆತ್ತರ ನಿಂತ ದಂಟಿಗೂ ನೋಟದಲ್ಲಿ ಏನೂ ಹೋಲಿಕೆಯಿಲ್ಲ. ಆದರೂ ಜೋಳ ಬಿತ್ತಿದಲ್ಲಿ ಕಡಲೆ ಬೆಳೆಯುವುದಿಲ್ಲ. ಪೌಲನಿಗೆ ಬೇಕಾದದ್ದು ಈ ಎರಡೂ, ಬದಲಾವಣೆಯೂ ಗುರುತೂ. ಏಳುವವನು ನೀನೇ, ಆದರೆ ಇದೇ ಮಂಡಿನೋವು, ಇದೇ ಸಕ್ಕರೆ ಕಾಯಿಲೆಯ ದೇಹದಲ್ಲಲ್ಲ. ಅದೇ ಅಧ್ಯಾಯದಲ್ಲಿ ಅವನು ಮರಣವನ್ನು ಕಡೆಯ ಶತ್ರು ಎಂದು ಕರೆಯುತ್ತಾನೆ. ಗೆಳೆಯ ಎನ್ನಲಿಲ್ಲ, ಮುಕ್ತಿದಾತ ಎನ್ನಲಿಲ್ಲ. ಸಾವು ಸಹಜ, ಒಪ್ಪಿಕೊಳ್ಳಿ ಎಂಬ ವೇದಾಂತವೂ ಅವನದಲ್ಲ. ಶತ್ರು ಎಂದ, ಸೋಲುತ್ತದೆ ಎಂದ, ಇನ್ನೂ ಪೂರ್ತಿ ಸೋತಿಲ್ಲ ಎಂಬುದನ್ನೂ ಒಪ್ಪಿಕೊಂಡ. ಅಥೇನೆಯಲ್ಲಿ ಇದೇ ಮಾತು ತೆಗೆದಾಗ ಕೆಲವರು ನಕ್ಕರು, ಕೆಲವರು ಇನ್ನೊಮ್ಮೆ ಕೇಳುತ್ತೇವೆ ಎಂದು ನಯವಾಗಿ ಎದ್ದು ಹೋದರು. ಇಂದಿಗೂ ಸುಶಿಕ್ಷಿತರ ಪ್ರತಿಕ್ರಿಯೆ ಈ ಎರಡರಲ್ಲಿ ಒಂದು.

ಶಾಸ್ತ್ರಕ್ಕಿಂತ ಚಿತ್ರ ಚೆನ್ನಾಗಿ ಹೇಳುವ ಸಂದರ್ಭಗಳುಂಟು. ಇಸ್ತಾಂಬುಲ್ ನಗರದ ಖೋರಾ ಎಂಬ ಹಳೆಯ ಚರ್ಚಿನಲ್ಲಿ ಹದಿನಾಲ್ಕನೆಯ ಶತಮಾನದ ಆರಂಭದ ಒಂದು ಭಿತ್ತಿಚಿತ್ರವಿದೆ. ಈಗ ಆ ಕಟ್ಟಡ ಮಸೀದಿಯಾಗಿದೆ. ಪೂರ್ವದ ಸಭೆಗಳು ಪುನರುತ್ಥಾನವನ್ನು ಚಿತ್ರಿಸುವಾಗ ಖಾಲಿ ಸಮಾಧಿಯನ್ನು ಬರೆಯುವುದಕ್ಕಿಂತ, ಕ್ರಿಸ್ತನು ಪಾತಾಳಕ್ಕೆ ಇಳಿದದ್ದನ್ನು ಬರೆಯುತ್ತವೆ. ಶುಭ ಶುಕ್ರವಾರಕ್ಕೂ ಭಾನುವಾರಕ್ಕೂ ನಡುವಿನ, ನಾವು ಹಬ್ಬದ ತಯಾರಿಯಲ್ಲಿ ಕಳೆದುಬಿಡುವ ಶನಿವಾರದ ಚಿತ್ರ ಅದು. ಕ್ರಿಸ್ತನ ಕಾಲಡಿಯಲ್ಲಿ ಪಾತಾಳದ ಕದಗಳು ಮುರಿದು ಬಿದ್ದಿವೆ, ಬೀಗ ಕೀಲಿ ಚಿಲಕಗಳು ಚೆಲ್ಲಾಪಿಲ್ಲಿಯಾಗಿವೆ, ಕಟ್ಟಿಹಾಕಿದ ಒಂದು ಕರಿಯ ಆಕೃತಿ ಬಿದ್ದಿದೆ. ಎರಡೂ ಕೈಗಳಿಂದ ಆತ ಆದಾಮನನ್ನೂ ಹವ್ವಳನ್ನೂ ಪೆಟ್ಟಿಗೆಗಳಿಂದ ಮೇಲಕ್ಕೆ ಎಳೆಯುತ್ತಿದ್ದಾನೆ. ಹಿಡಿದದ್ದು ಅಂಗೈಯನ್ನಲ್ಲ, ಮಣಿಕಟ್ಟನ್ನು. ಸತ್ತವರಿಗೆ ತಿರುಗಿ ಹಿಡಿದುಕೊಳ್ಳುವ ಶಕ್ತಿಯಿಲ್ಲ. ವಿಶ್ವಾಸ ಸಾಲದೆ ಮಗ ಸತ್ತ ಎಂದು ತಾಯಿಗೆ ಹೇಳಿದ ಬೋಧಕರು ಈ ಚಿತ್ರವನ್ನು ಒಮ್ಮೆ ನೋಡಬೇಕು.

ಈ ನಂಬಿಕೆಯಿಂದ ಬದುಕಿನಲ್ಲಿ ಏನಾದರೂ ಬದಲಾಯಿತೇ? 250ರ ದಶಕದಲ್ಲಿ ರೋಮ್ ಸಾಮ್ರಾಜ್ಯಕ್ಕೆ ಭಾರಿ ಪಿಡುಗು ಬಡಿಯಿತು. ಕ್ರೈಸ್ತರೂ ಎಲ್ಲರಂತೆಯೇ ಸಾಯುತ್ತಿದ್ದಾರಲ್ಲ, ನಮ್ಮ ದೇವರಿಗೆ ಏನಾಯಿತು ಎಂದು ಉತ್ತರ ಆಫ್ರಿಕದ ಕಾರ್ಥೇಜಿನ ಸಭೆಯಲ್ಲಿ ಕೆಲವರು ಕಂಗಾಲಾದರು. ಅವರ ಬಿಷಪ್ ಸಿಪ್ರಿಯನ್ ಕೊಟ್ಟ ಉತ್ತರ ಖಡಾಖಂಡಿತ. ಈ ಲೋಕದಲ್ಲಿ ಇರುವವರೆಗೆ ಮೈಯ ಕಷ್ಟ ಎಲ್ಲರಿಗೂ ಸಮಾನ, ರೋಗದಿಂದ ವಿನಾಯಿತಿ ಸಿಗಲಿ ಎಂದು ಕ್ರೈಸ್ತರಾಗಬೇಡಿ. ಅದೇ ಕಾಲಕ್ಕೆ ಅಲೆಕ್ಸಾಂಡ್ರಿಯದ ಬಿಷಪ್ ದಿಯೊನೀಸಿಯಸ್ ಬರೆದ ಪತ್ರದಲ್ಲಿ, ರೋಗಿಗಳ ಶುಶ್ರೂಷೆ ಮಾಡುತ್ತ, ಹೆಣಗಳನ್ನು ತೊಳೆದು ಮಣ್ಣು ಮಾಡುತ್ತ, ಅದೇ ರೋಗ ತಗಲಿ ಸತ್ತ ಸಭೆಯವರ ವಿವರವಿದೆ. ಮರಣಭಯದಿಂದ ಜೀವಮಾನವೆಲ್ಲ ದಾಸರಾಗಿದ್ದವರನ್ನು ಬಿಡಿಸುವುದಕ್ಕೆ ಕ್ರಿಸ್ತನು ಸತ್ತ ಎಂದು ಇಬ್ರಿಯರಿಗೆ ಬರೆದ ಪತ್ರ ಹೇಳುತ್ತದೆ. ಬಿಡುಗಡೆ ಸಿಕ್ಕಿದ್ದು ಭಯದಿಂದ, ಸಾವಿನಿಂದಲ್ಲ.

1898ರಲ್ಲಿ ನಮ್ಮ ಹುಬ್ಬಳ್ಳಿಯನ್ನು ಪ್ಲೇಗ್ ಹೊಕ್ಕಿತು. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಹಾಫ್‌ಕಿನ್ ಎಂಬ ವಿಜ್ಞಾನಿ ತಯಾರಿಸಿದ ಲಸಿಕೆಯನ್ನು ಸಾವಿರಾರು ಜನರಿಗೆ ಇಲ್ಲಿ ಹಾಕಿದರು. ನಾಡಿನ ಎಷ್ಟೋ ಊರುಗಳಲ್ಲಿ ಪ್ಲೇಗಮ್ಮನ ಗುಡಿಗಳು ಎದ್ದವು. ಸಾವಿನ ಎದುರು ಮನುಷ್ಯರು ಏನೇನು ಹಿಡಿದುಕೊಳ್ಳುತ್ತಾರೆ ಎನ್ನುವುದನ್ನು ನಾನು ನಗೆಗೆ ಈಡುಮಾಡಲಾರೆ. 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ನಿನವರು ಪುನರುತ್ಥಾನವನ್ನು ಬೋಧಿಸಿದರು. ಗದಗ-ಬೆಟಗೇರಿಯಲ್ಲಿ ಆಸ್ಪತ್ರೆಯನ್ನೂ ನಡೆಸಿದರು. ಜನ ಅದನ್ನು ಜರ್ಮನ್ ಆಸ್ಪತ್ರೆ ಎಂದೇ ಕರೆದರು. ಬೋಧನೆಗಿಂತ ಆಸ್ಪತ್ರೆಯೇ ಮೇಲೆಂದು ಕೆಲವರು ಹೇಳುತ್ತಾರೆ. ದೇಹವನ್ನು ದೇವರು ಕೈಬಿಡುವುದಿಲ್ಲ ಎಂದು ಬೋಧಿಸುವವರು ದೇಹಕ್ಕೆ ಔಷಧಿ ಕೊಡದಿದ್ದರೆ ಆ ಬೋಧನೆಯನ್ನು ಯಾರು ನಂಬುತ್ತಾರೆ? ನನಗೆ ಎರಡೂ ಒಂದೇ ಕೆಲಸವಾಗಿ ಕಾಣುತ್ತವೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಮೊದಲನೆಯದು ಮುಂದಿನ ಸಾಲಿನ ಹಿರಿಯರೊಬ್ಬರದು. “ಸರ್, ಸಾವಿತ್ರಿ ಯಮನಿಂದ ಗಂಡನ ಪ್ರಾಣ ತಂದಳು. ಮಾರ್ಕಂಡೇಯನಿಗಾಗಿ ಶಿವ ಯಮನನ್ನೇ ಒದ್ದ. ನೀವು ಹೇಳಿದ್ದರಲ್ಲಿ ಹೊಸದೇನು?”

ಸಾವಿತ್ರಿಯ ಕಥೆ ಯಾಯೀರನ ಮಗಳ ಕಥೆಯ ಹತ್ತಿರದ್ದು. ಅಲ್ಲಿ ಪ್ರಾಣ ಮರಳುತ್ತದೆ, ಯಮನ ಹುದ್ದೆ ಹಾಗೆಯೇ ಉಳಿಯುತ್ತದೆ. ಸತ್ಯವಾನನೂ ಮುಂದೊಂದು ದಿನ ಹೋಗಲೇಬೇಕು. ಮಾರ್ಕಂಡೇಯನ ಕಥೆ ಇನ್ನೂ ಹತ್ತಿರ, ಯಾಕೆಂದರೆ ಅಲ್ಲಿ ದೇವರು ಸ್ವತಃ ಮರಣದ ಮೇಲೆ ಬೀಳುತ್ತಾನೆ. ಖೋರಾದ ಚಿತ್ರವನ್ನೂ ನಮ್ಮ ಗುಡಿಗಳ ಕಾಲಾಂತಕ ಮೂರ್ತಿಯನ್ನೂ ಅಕ್ಕಪಕ್ಕ ಇಟ್ಟು ನೋಡಬೇಕೆಂದು ನನಗೆ ಬಹಳ ದಿನಗಳಿಂದ ಆಸೆಯಿದೆ. ಎರಡರಲ್ಲೂ ಕಾಲಡಿಯಲ್ಲಿ ಬಿದ್ದಿರುವವನು ಒಬ್ಬನೇ. ವ್ಯತ್ಯಾಸ ಎಲ್ಲಿದೆ ಎಂದರೆ, ಮಾರ್ಕಂಡೇಯ ಸಾಯುವುದಿಲ್ಲ, ಶಿವನೂ ಸಾಯುವುದಿಲ್ಲ. ಪಾಶ ಬಿಗಿಯುವ ಮುಂಚೆಯೇ ರಕ್ಷಣೆ ಬರುತ್ತದೆ. ಕ್ರೈಸ್ತ ಕಥೆಯಲ್ಲಿ ರಕ್ಷಿಸುವವನೇ ಮೊದಲು ಸಾಯುತ್ತಾನೆ, “ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ” ಎಂದು ಕೂಗಿ ಸಾಯುತ್ತಾನೆ. ಇದು ಹೆಚ್ಚು, ಅದು ಕಡಿಮೆ ಎಂದು ನಾನು ಹೇಳುತ್ತಿಲ್ಲ. ಬೇರೆ ಎನ್ನುತ್ತಿದ್ದೇನೆ.

ಕಾಲೇಜು ವಿದ್ಯಾರ್ಥಿನಿಯೊಬ್ಬಳು, ಪುನರ್ಜನ್ಮವನ್ನು ಕ್ರೈಸ್ತರು ಯಾಕೆ ಒಪ್ಪುವುದಿಲ್ಲ ಎಂದು ಕೇಳಿದಳು. ಚಿಕ್ಕ ಉತ್ತರ: ದೇಹವನ್ನು ಹಳೆಯ ಅಂಗಿಯಂತೆ ಕಳಚಿ ಹಾಕುವುದನ್ನು ಈ ನಂಬಿಕೆ ಒಪ್ಪುವುದಿಲ್ಲ. ನೀನು ಎಂದರೆ ನಿನ್ನ ದೇಹವೂ ಸೇರಿ. ಆತ್ಮಕ್ಕೆ ಮಾತ್ರ ಮೋಕ್ಷ ಎಂ­ದರೆ ಅರ್ಧ ಮನುಷ್ಯನಿಗೆ ಮೋಕ್ಷ ಎಂದಾಗುತ್ತದೆ. 381ರ ವಿಶ್ವಾಸಪ್ರಮಾಣ, ಅಂದರೆ ಕ್ರೈಸ್ತರ ನಂಬಿಕೆಯ ಅಧಿಕೃತ ಹೇಳಿಕೆ, ಸತ್ತವರ ಪುನರುತ್ಥಾನಕ್ಕಾಗಿ, ಬರಲಿರುವ ಲೋಕದ ಜೀವಕ್ಕಾಗಿ ಎದುರುನೋಡುತ್ತೇವೆ ಎಂದು ಮುಗಿಯುತ್ತದೆ. ಪಶ್ಚಿಮದ ಹಳೆಯ ಪ್ರಮಾಣ ಇನ್ನೂ ನೇರವಾಗಿ ದೇಹದ ಪುನರುತ್ಥಾನ ಎನ್ನುತ್ತದೆ.

ಅದರ ಬೆನ್ನಿಗೇ ಮತ್ತೊಬ್ಬರು: “ಹಾಗಾದರೆ ಸುಟ್ಟವರ ಗತಿ ಏನು? ದೇಹದಾನ ಮಾಡಿದವರ ಗತಿ ಏನು?”

ಈ ಪ್ರಶ್ನೆಗೆ ಹಳೆಯ ಉತ್ತರವೊಂದಿದೆ. 177ರಲ್ಲಿ ಗಾಲ್ ಪ್ರಾಂತ್ಯದ ಲಿಯೋನ್ ನಗರದಲ್ಲಿ ಕ್ರೈಸ್ತರನ್ನು ಕೊಂದು, ಹೆಣಗಳನ್ನು ಆರು ದಿನ ಬಯಲಲ್ಲಿ ಇಟ್ಟು, ಆಮೇಲೆ ಸುಟ್ಟು, ಬೂದಿಯನ್ನು ರೋನ್ ನದಿಗೆ ಗುಡಿಸಿದರು. ಇನ್ನು ಇವರು ಎದ್ದು ಬರಲಿ ನೋಡೋಣ ಎಂಬುದು ಉದ್ದೇಶ. ಅಲ್ಲಿ ಉಳಿದ ಸಭೆಯವರೇ ಇದನ್ನು ಪತ್ರದಲ್ಲಿ ಬರೆದಿಟ್ಟಿದ್ದಾರೆ. ಮಣ್ಣಿನಿಂದ ಮನುಷ್ಯನನ್ನು ಮಾಡಿದವನಿಗೆ ಬೂದಿ ಕಷ್ಟವಾಗಲಿಲ್ಲ ಎಂಬ ಭರವಸೆಯಲ್ಲೇ ಸಭೆ ಮುಂದುವರಿಯಿತು. ಸಮಾಧಿ ಮಾಡುವ ರೂಢಿ ಬಂದದ್ದು ದೇಹಕ್ಕೆ ತೋರುವ ಗೌರವದಿಂದ. ದೇವರಿಗೆ ಎಲುಬು ಒದಗಿಸುವ ಜವಾಬ್ದಾರಿ ನಮ್ಮ ಮೇಲಿಲ್ಲ. ನಮ್ಮ ಕಡೆ ಲಿಂಗಾಯತರಲ್ಲೂ ಮಣ್ಣು ಮಾಡುವ ಪದ್ಧತಿ ಇರುವುದರಿಂದ ಈ ಗೌರವವನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಕ್ಯಾಥೊಲಿಕ್ ಸಭೆ ದಹನಕ್ಕೆ 1963ರಲ್ಲಿ ಅನುಮತಿ ಕೊಟ್ಟಿತು. ಚಿತಾಭಸ್ಮವನ್ನು ಚೆಲ್ಲದೆ ಪವಿತ್ರ ಸ್ಥಳದಲ್ಲಿ ಇಡಬೇಕು ಎಂದು 2016ರಲ್ಲಿ ಮತ್ತೆ ಸ್ಪಷ್ಟಪಡಿಸಿತು. ಅಂಗದಾನವನ್ನು ಪೋಪ್ ಎರಡನೆಯ ಜಾನ್ ಪಾಲ್ 2000ದಲ್ಲಿ ರೋಮಿನಲ್ಲಿ ಸೇರಿದ್ದ ಕಸಿ ತಜ್ಞರ ಮುಂದೆಯೇ ಪ್ರೀತಿಯ ಕೃತ್ಯವೆಂದು ಹೊಗಳಿದರು.

ದೇಹದಾನ ಮಾಡಬೇಕೆಂದಿರುವವರು ವೈದ್ಯಕೀಯ ಕಾಲೇಜಿನ ಅಂಗರಚನಾಶಾಸ್ತ್ರ ವಿಭಾಗದಲ್ಲಿ ವಿಚಾರಿಸಬಹುದು. ಆದರೆ ನೀವು ಸಹಿ ಹಾಕಿದರಷ್ಟೇ ಸಾಲದು. ಆ ಹೊತ್ತಿಗೆ ದೇಹವನ್ನು ಒಪ್ಪಿಸಬೇಕಾದವರು ನಿಮ್ಮ ಮನೆಯವರು. ಈ ಮಾತನ್ನು ಮನೆಯಲ್ಲಿ ಈಗಲೇ ಎತ್ತಿ. ಮೊದಲ ಸಲ ನಿಮ್ಮನ್ನು ಬೈಯುತ್ತಾರೆ, ಎರಡನೆಯ ಸಲ ಕೇಳಿಸಿಕೊಳ್ಳುತ್ತಾರೆ.